ಕೆಂಪು ತ್ರಿಕೋನ ಮಹಾಶಯರಿಗೊಂದು ಬಿನ್ನವತ್ತಳೆ

ಸನ್ಮಾನ್ಯ ಕೆಂಪು ತ್ರಿಕೋನ ಮಹಾಶಯರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಪಾದವೆಂದರೆ ತಮಗಿರುವುದು ಒಂದೇ ಚೂಪು ತುದಿ, ಅದೂ ನಮ್ಮ ಕಡೆಗೇ ತಿರುಗಿದ್ದು. ಆದರೂ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇವೆ. ಇತ್ತ ನಾವೆಲ್ಲ ಕ್ಷೇಮ.

ಅರವತ್ತರ ದಶಕದ ಕೊನೆಗೆ ತಾವು ಕುಟುಂಬ ಯೋಜನೆಯ ಲಾಂಛನವಾಗಿ ಅವತರಿಸಿದಿರಿ. ಅಲ್ಲಿಂದಾಚೆ ಆಸ್ಪತ್ರೆಯ ಗೋಡೆ, ಬಸ್ಸಿನ ಬೆನ್ನು, ನಿರೋಧ್ ಪೊಟ್ಟಣ, ಎಲ್ಲೆಲ್ಲೂ ತಮ್ಮದೇ ದರ್ಶನ. ಓದು ಬಾರದ ನಮ್ಮ ಅವ್ವಂದಿರಿಗೂ ತಮ್ಮ ಗುರುತು ಸಿಗುತ್ತಿತ್ತು. ಅಕ್ಷರ ಕಲಿಸುವುದಕ್ಕಿಂತ ಚಿತ್ರ ಬರೆಸುವುದು ಅಗ್ಗವೆಂದು ಕಂಡುಕೊಂಡ ಆ ಜಾಣತನಕ್ಕೆ ಮೊದಲ ವಂದನೆ.

ಉಪಕಾರವನ್ನು ಅಲ್ಲಗಳೆಯುವ ಕೃತಘ್ನರು ನಾವಲ್ಲ. ವರ್ಷ ಬಿಟ್ಟು ವರ್ಷ ಹೆತ್ತು, ಹೆತ್ತವುಗಳಲ್ಲಿ ಅರ್ಧವನ್ನು ಮಣ್ಣಿಗೆ ಕೊಟ್ಟ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಎರಡಕ್ಕೆ ಸಾಕೆನ್ನುವುದು ಎಂಥ ನೆಮ್ಮದಿಯೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತಾವು ಹುಟ್ಟುವುದಕ್ಕೆ ಎಷ್ಟೋ ಮೊದಲು, 1930ರಲ್ಲೇ, ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಈಗ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಗು. ತಮ್ಮ ಕಚೇರಿಯವರು ಇದನ್ನು ಸಾಧನೆಯೆಂದು ವರದಿ ಬರೆಯುತ್ತಾರೆ. ಹೆತ್ತವರು ನಾವು, ಹೊಟ್ಟೆ ಕೊಯ್ಸಿಕೊಂಡವರು ನಾವು, ಸಾಧಕರು ತಾವು. ಇರಲಿ, ಹಾರ ಯಾರ ಕೊರಳಿಗೆ ಬಿದ್ದರೇನು.

ಗಂಡಸರ ವಿಷಯದಲ್ಲಿ ತಾವು ತೋರುವ ದಾಕ್ಷಿಣ್ಯವನ್ನಂತೂ ಎಷ್ಟು ಕೊಂಡಾಡಿದರೂ ಸಾಲದು. ಒಮ್ಮೆ ಮಾತ್ರ ತಾವು ಮೈಮರೆತಿದ್ದಿರಿ. ತುರ್ತು ಪರಿಸ್ಥಿತಿಯ 1976-77ರಲ್ಲಿ, ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್, ಬಹುಪಾಲು ಗಂಡಸರದು. ಬಲವಂತವೂ ನಡೆಯಿತು, ಘೋರ ಅನ್ಯಾಯವೂ ಆಯಿತು, ಅದರಲ್ಲಿ ಎರಡು ಮಾತಿಲ್ಲ. 1977ರ ಚುನಾವಣೆಯಲ್ಲಿ ಸರ್ಕಾರವೇ ಉರುಳಿತು. ಗಂಡಸನ್ನು ಮುಟ್ಟಿದರೆ ಓಟು ಹೋಗುತ್ತದೆ, ಹೆಂಗಸನ್ನು ಮುಟ್ಟಿದರೆ ಏನೂ ಆಗುವುದಿಲ್ಲ ಎಂಬ ಜ್ಞಾನೋದಯ ತಮಗಾದದ್ದು ಆಗಲೇ ಇರಬೇಕು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಗಂಡಂದಿರ ಸಾಲಿನಲ್ಲಿ 0.0. ಬರೀ ಸೊನ್ನೆ ಬರೆದರೆ ಅವರ ಮನಸ್ಸಿಗೆ ನೋವಾದೀತೆಂದು ನಡುವೆ ಒಂದು ಚುಕ್ಕೆಯಿಟ್ಟು ಉಪಚರಿಸಿದ್ದಾರೆ.

ಗಂಡಸಿನದು ಸಣ್ಣ ಆಪರೇಷನ್, ಹೊಲಿಗೆಯೂ ಬೇಕಿಲ್ಲ, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು. ಇದು ತಮ್ಮವರಿಗೆ ಚೆನ್ನಾಗಿ ಗೊತ್ತು. ಆದರೆ ‘ಹೊಲದಾಗ ದುಡಿಯೋ ಗಂಡಸು, ಶಕ್ತಿ ಹೋದ್ರ ಹೆಂಗ್ರೀ?’ ಎಂದು ಅತ್ತೆ ಕೇಳಿದರೆ ಮುಗಿಯಿತು, ನರ್ಸಮ್ಮ ಸೊಸೆಯ ಕಡೆ ತಿರುಗುತ್ತಾರೆ. ಸೊಸೆ ಹೊಲದಲ್ಲಿ ದುಡಿಯುವವಳಲ್ಲವಲ್ಲ! ಕಳೆ ತೆಗೆಯುತ್ತಾಳೆ, ಹತ್ತಿ ಬಿಡಿಸುತ್ತಾಳೆ, ಮೇವಿನ ಹೊರೆ ತರುತ್ತಾಳೆ, ನೀರಿನ ಕೊಡ ಹೊರುತ್ತಾಳೆ, ಅಷ್ಟೆ. ಗರ್ಭನಿರೋಧ ಹೆಂಗಸರ ಕೆಲಸ, ಗಂಡಸು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬ ಮಾತನ್ನು ದೇಶದ ಗಂಡಸರಲ್ಲಿ ನೂರಕ್ಕೆ 35 ಮಂದಿ ಸಮೀಕ್ಷೆಯವರ ಮುಂದೆ ಒಪ್ಪಿದ್ದಾರೆ. ಉಳಿದವರು ಮನಸ್ಸಿನಲ್ಲಿ ನಮ್ಮ ಜೊತೆಗಿದ್ದಾರೆಂದು ನಂಬಿದ್ದೇವೆ. ಮನಸ್ಸಿನಲ್ಲಿ.

ತಾವು ಹಾಕಿಕೊಟ್ಟ ವೇಳಾಪಟ್ಟಿಯಾದರೂ ಎಷ್ಟು ಚೊಕ್ಕ! ಹದಿನೆಂಟಕ್ಕೆ ಮದುವೆ (ಐವರಲ್ಲಿ ಒಬ್ಬಳಿಗೆ ಅದಕ್ಕೂ ಮೊದಲೇ), ಇಪ್ಪತ್ತೆರಡರೊಳಗೆ ಎರಡು ಹೆರಿಗೆ, ಇಪ್ಪತ್ತೈದರ ಹೊತ್ತಿಗೆ ಆಪರೇಷನ್. ಅಲ್ಲಿಗೆ ತಮ್ಮ ರಿಜಿಸ್ಟರಿನಲ್ಲಿ ಅವಳ ಪುಟ ಮುಗಿಯಿತು. ಅವಳಿಗೆ ಸೊಂಟ ನೋವು ಬಂತೆ, ಕೂಲಿ ಸಿಕ್ಕಿತೆ, ಸಂಘದ ಸಾಲ ತೀರಿತೆ, ಆ ಕಾಲಂಗಳು ಅಲ್ಲಿಲ್ಲ. ಹೆಣ್ಣು ಓದಿದರೆ, ಮದುವೆ ತಡವಾದರೆ, ಕೈಯಲ್ಲಿ ನಾಲ್ಕು ಕಾಸಿದ್ದರೆ ಮಕ್ಕಳ ಸಂಖ್ಯೆ ತಾನಾಗಿ ಇಳಿಯುತ್ತದೆಂದು ಪಂಡಿತರು ಹೇಳುತ್ತಲೇ ಬಂದರು. ದೇಶದಲ್ಲಿ ಶಾಲೆಯ ಮುಖವನ್ನೇ ಕಾಣದವಳಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷವೋ ಹೆಚ್ಚೋ ಓದಿದವಳಿಗೆ 1.8. ಆದರೆ ತಮಗೆ ಆ ಸುತ್ತುದಾರಿ ಹಿಡಿಸಲಿಲ್ಲ. ಅವಳು ಓದುವವರೆಗೆ, ದುಡಿದದ್ದು ಅವಳ ಕೈಗೇ ಬರುವವರೆಗೆ, ಮನೆಯಲ್ಲಿ ಅವಳ ಮಾತಿಗೆ ಬೆಲೆ ಬರುವವರೆಗೆ ಕಾಯುವುದೇಕೆಂದು ನೇರವಾಗಿ ಮೇಜಿನ ಮೇಲೆ ಮಲಗಿಸಿದಿರಿ. ಸಂಖ್ಯೆ ಇಳಿಯಿತು. ಅವಳು ಇದ್ದಲ್ಲೇ ಇದ್ದಾಳೆ.

ಇದರಲ್ಲಿ ತಮ್ಮೊಬ್ಬರದೇ ತಪ್ಪೆಂದು ಹೇಳಲಾರೆವು. 1974ರಲ್ಲಿ ಬುಖಾರೆಸ್ಟಿನ ವಿಶ್ವ ಜನಸಂಖ್ಯಾ ಸಮ್ಮೇಳನಕ್ಕೆ ಹೋದ ನಮ್ಮ ಆರೋಗ್ಯ ಸಚಿವ ಕರಣ್ ಸಿಂಗ್, ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂದು ಹೇಳಿ ಬಂದರು. 1976ರಲ್ಲಿ ಅದೇ ಸಚಿವರು ಹೊರಡಿಸಿದ ಜನಸಂಖ್ಯಾ ನೀತಿ, ಶಿಕ್ಷಣ ಅಭಿವೃದ್ಧಿ ಎಂದು ಕಾಯುತ್ತ ಕೂರಲಾಗದು ಎಂದಿತು. ತಾವು ಎರಡನೆಯ ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಿ.

‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂದು ತಮ್ಮ ಪಕ್ಕದಲ್ಲೇ ಬರೆಸಿದ್ದಿರಿ. ಮಗಳಿಗೆ ತಟ್ಟೆ, ಮಗನಿಗೆ ಹೆಸರು. ಪಾಲುಪಟ್ಟಿ ಗೋಡೆಯ ಮೇಲೇ ಆಗಿಹೋಗಿತ್ತು. ಎರಡೂ ಆರತಿಯೇ ಬಂದರೆ ಏನು ಮಾಡಬೇಕೆಂದು ಮಾತ್ರ ಬರೆದಿರಲಿಲ್ಲ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಹೋದವಳನ್ನು ತಿಳಿವಳಿಕೆಯಿಲ್ಲದವಳೆಂದು ತಮ್ಮವರು ಗದರಿಸುತ್ತಾರೆ. ತಿಳಿವಳಿಕೆ ಇದ್ದದ್ದರಿಂದಲೇ ಹೋದಳು, ಸ್ವಾಮಿ. ಪಹಣಿಯಲ್ಲಿ ಅವಳ ಹೆಸರಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಬಂದರೇನು, ಅಣ್ಣ ಒಂದು ಸೀರೆ ಕೊಟ್ಟು, ಅರಿಸಿನ ಕುಂಕುಮ ಹಚ್ಚಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ನಾಳೆ ಗಂಡ ಹೋದರೆ ಅವನ ಮನೆಯಲ್ಲಿ ಅವಳಿಗೊಂದು ಮೂಲೆ ಸಿಗುವುದು ಮಗನ ತಾಯಿಯೆಂಬ ಕಾರಣಕ್ಕೆ. ಈ ಲೆಕ್ಕ ತಮ್ಮ ಲೆಕ್ಕಕ್ಕಿಂತ ಪಕ್ಕಾ. ಎರಡೇ ಸಾಕೆಂಬ ತಮ್ಮ ಅಪ್ಪಣೆಯನ್ನೂ ಮೀರದೆ ಮಗನನ್ನೂ ಪಡೆಯುವ ದಾರಿಯನ್ನು ಜಾಣರು ಹುಡುಕಿಕೊಂಡಿದ್ದಾರೆ. ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು 2023ರಲ್ಲಿ ಬಯಲಾಯಿತು.

ತಮ್ಮ ಶಿಬಿರಗಳ ಬಗ್ಗೆಯೂ ಎರಡು ಮಾತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರ ಆಪರೇಷನ್ ಮುಗಿಸಿದರು. ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇಲ್ಲಿ ವಿನಯದ ಪದ ಹೊಳೆಯುತ್ತಿಲ್ಲ, ಕ್ಷಮಿಸಬೇಕು.

ಈಚೆಗೆ ತಮ್ಮ ಹುದ್ದೆಗೇ ಕುತ್ತು ಬಂದಿದೆಯೆಂದು ಕೇಳಿ ಚಿಂತೆಯಾಯಿತು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಟ್ಟಳೆಯನ್ನು ಪಕ್ಕದ ಆಂಧ್ರ 2024ರಲ್ಲಿ ತೆಗೆದುಹಾಕಿತು. ಹೆಚ್ಚು ಹೆರಿ ಎಂದು ಅಲ್ಲಿನ ಮುಖ್ಯಮಂತ್ರಿಗಳೇ ಹೇಳುತ್ತಿದ್ದಾರೆ. ಜನ ಕಡಿಮೆಯಾದರೆ ದಕ್ಷಿಣಕ್ಕೆ ಲೋಕಸಭೆಯ ಸೀಟು ಕಡಿಮೆಯಾದೀತೆಂಬ ಭಯ ಬೇರೆ. ಅಂದು ದೇಶಕ್ಕಾಗಿ ನಿಲ್ಲಿಸಿದೆವು, ಇನ್ನು ಸೀಟಿಗಾಗಿ ಶುರು ಮಾಡಬೇಕು. ತಮಗೇನೂ ತೊಂದರೆಯಾಗದು: ತಮ್ಮನ್ನು ತಿರುಗಿಸಿ ತೂಗುಹಾಕಿದರಾಯಿತು, ಹೊಸ ಬಣ್ಣದ ಖರ್ಚೂ ಇಲ್ಲ. ನಮ್ಮದು ಒಂದೇ ಅರಿಕೆ. ಆ ಆದೇಶ ಹೊರಡುವ ಮುನ್ನ, ಗಾರ್ಮೆಂಟ್ಸಿಗೆ ಹೋಗುವವಳ ಮಗುವನ್ನು ಹಗಲು ನೋಡಿಕೊಳ್ಳುವವರು ಯಾರು, ಕೂಲಿಯವಳ ಹೆರಿಗೆ ತಿಂಗಳ ಕೂಲಿ ಕೊಡುವವರು ಯಾರು, ಇನ್ನೊಂದು ಬೇಕೋ ಬೇಡವೋ ಎಂದು ಅವಳನ್ನೇ ಕೇಳುವವರು ಯಾರು, ಅವರ ಹೆಸರು ಮತ್ತು ಹುದ್ದೆ ತಿಳಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ ಫಲಾನುಭವಿಗಳು

ವಿ.ಸೂ.: ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ ಪಾಕ್ಷಿಕವೆಂದು ವರ್ಷವರ್ಷವೂ ಬ್ಯಾನರ್ ಕಟ್ಟುತ್ತೀರಿ. ಈ ಸಲ ಬಂದವರಿಗೆಲ್ಲ ಉಪ್ಪಿಟ್ಟು, ಕಾಫಿ ನಮ್ಮ ಸ್ತ್ರೀಶಕ್ತಿ ಸಂಘದ ಕಡೆಯಿಂದ. ಎಷ್ಟು ಜನಕ್ಕೆಂದು ಮುಂಚಿತವಾಗಿ ತಿಳಿಸಿದರೆ ಉಪಕಾರ. ದಶಾಂಶದಲ್ಲಿ ಬೇಡಿ, ರವೆ ಅಳೆಯಲು ಕಷ್ಟ.