ಎರಡಕ್ಷರದ ಬಾಡಿಗೆ: ‘ಡಾಟ್ ಎಐ’ ಜೊತೆ ಮಾತುಕತೆ

ಹೊಸ ಕಂಪನಿ ಅಂದಮೇಲೆ ವೆಬ್‌ಸೈಟಿನ ಹೆಸರು ‘.ಎಐ’ ಎಂದೇ ಮುಗಿಯಬೇಕು. ಕೋರಮಂಗಲದಿಂದ ಕ್ಯಾಲಿಫೋರ್ನಿಯಾದವರೆಗೆ ಇದೇ ಪದ್ಧತಿ. ಎಲ್ಲರ ಬಾಲಕ್ಕೂ ಅಂಟಿಕೊಂಡು ಓಡಾಡುವ ಆ ಎರಡಕ್ಷರ ಕೊಂಚ ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ಕೃತಕ ಬುದ್ಧಿಮತ್ತೆಯ ಪ್ರತಿನಿಧಿಯಾದ ತಾವು...

ಡಾಟ್ ಎಐ: ಅಲ್ಲೇ ನಿಲ್ಲಿಸಿ. ಬುದ್ಧಿಗೂ ನನಗೂ ಸಂಬಂಧವಿಲ್ಲ. ನನ್ನೂರು ಆಂಗ್ವಿಲಾ. ಕೆರಿಬಿಯನ್ ಸಮುದ್ರದಲ್ಲಿ ಬ್ರಿಟನ್ನಿನ ಅಧೀನದಲ್ಲಿರುವ ದ್ವೀಪ. 91 ಚದರ ಕಿಲೋಮೀಟರ್ ನೆಲ, ಹದಿನೈದು-ಹದಿನಾರು ಸಾವಿರ ಜನ, ಬೇಕಾದಷ್ಟು ಬಿಳಿ ಮರಳು.

ಪ್ರಶ್ನೆ: ಮತ್ತೆ ಈ ಹೆಸರು?

ಡಾಟ್ ಎಐ: ಭಾರತಕ್ಕೆ ಐಎನ್, ಜಪಾನಿಗೆ ಜೆಪಿ ಅಂತ ಹಂಚುವ ಪಟ್ಟಿಯಲ್ಲಿ ನಮ್ಮ ಪಾಲಿಗೆ ಬಂದದ್ದು. 1995ರಲ್ಲಿ ಇಂಟರ್‌ನೆಟ್ಟಿಗೂ ಅದೇ ಆಯಿತು. ನಿಜ ಹೇಳಲಾ? ಅದೂ ಸೆಕೆಂಡ್ ಹ್ಯಾಂಡ್! ಮೊದಲು ಆಫ್ರಿಕಾದಲ್ಲಿ ಫ್ರೆಂಚರ ವಶದಲ್ಲಿದ್ದ ಅಫಾರ್-ಇಸ್ಸಾ ಪ್ರದೇಶದ್ದು. ಅವರು 1977ರಲ್ಲಿ ಸ್ವತಂತ್ರರಾಗಿ ಜಿಬೂಟಿ ಅಂತ ಹೆಸರಿಟ್ಟುಕೊಂಡರು, ಎರಡಕ್ಷರ ಖಾಲಿ ಬಿತ್ತು.

ಪ್ರಶ್ನೆ: ಪಾಪ, ಈಗ ಕೈಕೈ ಹಿಸುಕಿಕೊಳ್ಳುತ್ತಿರಬೇಕು.

ಡಾಟ್ ಎಐ: ನಿಮ್ಮೂರ ಸಂಖ್ಯಾಶಾಸ್ತ್ರದವರನ್ನು ಆಗಲೇ ಕೇಳಿದ್ದರೆ ಹಳೆಯ ಹೆಸರಿಗೇ ಇನ್ನೊಂದು ‘ಎ’ ಸೇರಿಸಿ ಕೊಡುತ್ತಿದ್ದರು.

ಪ್ರಶ್ನೆ: ಸಂಪಾದನೆ ಹೇಗಿದೆ?

ಡಾಟ್ ಎಐ: 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದದ್ದೇ ತಡ, ಬಾಗಿಲಲ್ಲಿ ನೂಕುನುಗ್ಗಲು. 2023ರಲ್ಲಿ ಬಂದದ್ದು ಸುಮಾರು 3.2 ಕೋಟಿ ಡಾಲರ್, ಸರ್ಕಾರದ ವರಮಾನದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು. ಗಣಿ ತೋಡಲಿಲ್ಲ, ಕಾರ್ಖಾನೆ ಕಟ್ಟಲಿಲ್ಲ, ಒಂದು ಸಾಲು ಕೋಡೂ ಬರೆಯಲಿಲ್ಲ. ಮೇಲಾಗಿ, ಕಡಿಮೆ ಅಂದರೂ ಎರಡು ವರ್ಷದ್ದು ಒಟ್ಟಿಗೇ ಕಕ್ಕಬೇಕು. ಬೆಂಗಳೂರಿನ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸಿಗೇ ತೃಪ್ತರಂತೆ, ಸಾಧುಗಳು!

ಪ್ರಶ್ನೆ: ಬಂಧುಬಳಗ?

ಡಾಟ್ ಎಐ: ಪೆಸಿಫಿಕ್ಕಿನ ಟುವಾಲು ತನ್ನ ‘.ಟಿವಿ’ಯನ್ನು ಬಾಡಿಗೆಗೆ ಕೊಟ್ಟ ಹಣದಲ್ಲಿ 2000ರಲ್ಲಿ ವಿಶ್ವಸಂಸ್ಥೆಯ ಸದಸ್ಯನಾಯಿತು. ‘.ಐಒ’ ಕಥೆ ಬೇರೆ. ಇನ್‌ಪುಟ್-ಔಟ್‌ಪುಟ್ ಅಂದುಕೊಂಡು ಸಾಫ್ಟ್‌ವೇರ್‌ನವರು ಅದಕ್ಕೆ ಮುಗಿಬೀಳುತ್ತಾರೆ. ಅದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು. ಅಮೆರಿಕದ ಸೇನಾನೆಲೆಗಾಗಿ 1973ರ ಹೊತ್ತಿಗೆ ಅಲ್ಲಿಯವರನ್ನೆಲ್ಲ ಎಬ್ಬಿಸಿ ಕಳಿಸಿದರು. ಊರಿನ ಅಕ್ಷರಕ್ಕೆ ಜಗತ್ತಿನಲ್ಲೆಲ್ಲ ಗಿರಾಕಿ, ಊರಿನವರಿಗೆ ಊರೇ ಇಲ್ಲ.

ಪ್ರಶ್ನೆ: ನಿಮ್ಮ ಕುಲಕ್ಕೆ ಸಾವಿಲ್ಲವೆ?

ಡಾಟ್ ಎಐ: ಇದೆ. ಯುಗೊಸ್ಲಾವಿಯದ ‘.ವೈಯು’ 2010ರಲ್ಲಿ ತೀರಿಕೊಂಡಿತು. ಆದರೆ ಸೋವಿಯತ್ ಒಕ್ಕೂಟ 1991ರಲ್ಲೇ ಹೋದರೂ ಅದರ ‘.ಎಸ್‌ಯು’ ಇನ್ನೂ ಉಸಿರಾಡುತ್ತಿದೆ. ಕಮ್ಯುನಿಸಂ ಸಾಯಬಹುದು, ನವೀಕರಣ ಶುಲ್ಕ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಪ್ರಶ್ನೆ: ಈಗಿನ ಜ್ವರ ಇಳಿದರೆ?

ಡಾಟ್ ಎಐ: ನಮ್ಮ ದೊಡ್ಡಣ್ಣ ‘ಡಾಟ್ ಕಾಮ್’ನನ್ನು ಕೇಳಿ. ಸಾಕುಪ್ರಾಣಿಗಳ ಸಾಮಾನು ಮಾರುತ್ತಿದ್ದ ಪೆಟ್ಸ್ ಡಾಟ್ ಕಾಮ್ 2000ದ ಫೆಬ್ರವರಿಯಲ್ಲಿ ಷೇರುಪೇಟೆಗೆ ಬಂತು, ನವೆಂಬರಿನಲ್ಲಿ ಬಾಗಿಲು ಹಾಕಿತು. ಹೆಸರಿನಲ್ಲಿ ಏನೂ ಕೊರತೆ ಇರಲಿಲ್ಲ.

ಪ್ರಶ್ನೆ: ಓದುಗರಿಗೆ ಕಿವಿಮಾತು?

ಡಾಟ್ ಎಐ: ವಿಳಾಸದ ತುದಿಯಲ್ಲಿ ನಾನು ಕಂಡರೆ ಆಂಗ್ವಿಲಾಕ್ಕೆ ಬಾಡಿಗೆ ಸಂದಾಯವಾಗಿದೆ ಅಂತಷ್ಟೇ ತಿಳಿಯಿರಿ. ಕಂಪನಿಯೊಳಗೆ ಏನಿದೆ ಅನ್ನುವುದನ್ನು ದುಡ್ಡು ಹಾಕುವ ಮುಂಚೆ ನೀವೇ ಕೇಳಿ ನೋಡಿ.