ತಲೆಗೊಂದು ಲಗೇಜ್ ಟಿಕೆಟ್

ಅರಕಲಗೂಡಿನಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ. ಚನ್ನರಾಯಪಟ್ಟಣದಿಂದ ಬೆಳಗಿನ ಆರೂವರೆಗೇ ಹೊರಟು, ಹೊಳೆನರಸೀಪುರದಲ್ಲಿ ಇಡ್ಲಿ ತಿಂದು, ಇನ್ನೇನು ಅರ್ಧ ಮುಕ್ಕಾಲು ಗಂಟೆ ದಾರಿ ಎಂದುಕೊಂಡಿದ್ದೆವು. ಹಳ್ಳಿಮೈಸೂರು ಇನ್ನೂ ಬಂದಿರಲಿಲ್ಲ. ಕಾರು ಒಮ್ಮೆ ಟಕಟಕ ಎಂದು, ಮಾತಿನ ನಡುವೆ ಮಾತು ಮರೆತವರ ಹಾಗೆ ಸುಮ್ಮನಾಯಿತು.

ಯಾವ ಕಂಪನಿಯ ಕಾರೆಂದು ಹೇಳುವುದಿಲ್ಲ, ತಪ್ಪು ಅದರದಲ್ಲ. ಹಳೇ ಡೀಸೆಲ್ ಗಾಡಿ ಅಂದರೆ ಸಾಕು. ಕೀ ತಿರುಗಿಸಿದೆ. ಸ್ಟಾರ್ಟರು ಗಿರ್ರನೆ ತಿರುಗಿತು, ಅದೂ ಎಂದಿಗಿಂತ ಹಗುರವಾಗಿ, ರಾಗಿ ಹಾಕದ ಬೀಸುಕಲ್ಲಿನ ಹಾಗೆ. ಇಷ್ಟು ಸಲೀಸಾಗಿ ತಿರುಗುತ್ತಿದೆಯಲ್ಲ, ದೊಡ್ಡದೇನೂ ಆಗಿಲ್ಲ ಎಂದು ಇನ್ನೂ ಐದು ಸಲ ತಿರುಗಿಸಿದೆ. ಹಾಗೆ ತಿರುಗಿಸಬಾರದು ಎಂದು ತಿಳಿದದ್ದು ಆಮೇಲೆ. ಎರಡೂ ಬದಿಯಲ್ಲಿ ರಾಗಿ ತೆನೆಗಳು ತಲೆದೂಗುತ್ತಿದ್ದವು. ಮನೆಯಾಕೆ ಮಾತ್ರ ತಲೆದೂಗಲಿಲ್ಲ.

ಹೊಳೆನರಸೀಪುರಕ್ಕೆ ವಾಪಸ್ ಹೋಗುತ್ತಿದ್ದ ಟೆಂಪೊ ಒಂದು ಹಗ್ಗ ಕಟ್ಟಿ ನಮ್ಮನ್ನು ಎಳೆದುಕೊಂಡು ಹೋಯಿತು. ಗ್ಯಾರೇಜಿನ ಭಾಯ್ ಪಕ್ಕದ ಕವರು ಬಿಚ್ಚಿ, ಹರಿದ ಕರೀ ಪಟ್ಟಿಯೊಂದನ್ನು ಸತ್ತ ಹಾವಿನಂತೆ ಎತ್ತಿ ತೋರಿಸಿದರು.

"ಬೆಲ್ಟು ಯಾವಾಗ ಹಾಕ್ಸಿದ್ರಿ ಸಾರ್?"

"ಇದಕ್ಕೆ ಬೆಲ್ಟು ಇದೆ ಅಂತ ಗೊತ್ತಾಗಿದ್ದೇ ಇವತ್ತು ಭಾಯ್."

ಕೈಪಿಡಿಯಲ್ಲಿ ಬರೆದಿತ್ತು. ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬೆಲ್ಟ್ ಬದಲಿಸಿ ಎಂದು. ಕೈಪಿಡಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಒಣಗಿದ ಕುಂಕುಮದ ಪೊಟ್ಟಣ ಮತ್ತು ಟೋಲ್ ಚೀಟಿಗಳ ತಳದಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಮಲಗಿತ್ತು. 2018ರ ಮಹಾಮಸ್ತಕಾಭಿಷೇಕಕ್ಕೆ ನೆಂಟರಿಷ್ಟರನ್ನೆಲ್ಲ ಶ್ರವಣಬೆಳಗೊಳಕ್ಕೆ ಸಾಗಿಸಿದ್ದು ಇದೇ ಕಾರು, ಇದೇ ಬೆಲ್ಟು. ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಅಭಿಷೇಕ. ರಬ್ಬರಿಗೆ ಅಷ್ಟು ಸಹನೆ ಇಲ್ಲ.

ನಮ್ಮ ತಾತ ಗಾಡಿ ಕಟ್ಟುವ ಮೊದಲು ಕೀಲೆಣ್ಣೆ ಹಾಕದೆ ನೊಗ ಮುಟ್ಟುತ್ತಿರಲಿಲ್ಲ. ಎಣ್ಣೆ ಒಣಗಿದರೆ ಗಾಡಿ ಕಿರ್ರೆಂದು ಊರಿಗೆಲ್ಲ ಸಾರುತ್ತಿತ್ತು, ಮಾನಕ್ಕೆ ಅಂಜಿಯಾದರೂ ಹಾಕಬೇಕಿತ್ತು. ಈ ಬೆಲ್ಟಿನ ದುರ್ಗುಣವೆಂದರೆ ಅದು ಗೊಣಗುವುದಿಲ್ಲ. ಹರಿಯುವ ಹಿಂದಿನ ನಿಮಿಷದವರೆಗೂ ಒಳ್ಳೆಯ ಸೊಸೆಯ ಹಾಗಿರುತ್ತದೆ.

ಅದರ ಕೆಲಸವನ್ನು ಭಾಯ್ ಟೀ ಕುಡಿಯುತ್ತ ವಿವರಿಸಿದರು. ಕೆಳಗೆ ಪಿಸ್ಟನ್ನು ಆಡಿಸುವ ಕ್ರ್ಯಾಂಕು, ಮೇಲೆ ವಾಲ್ವು ತೆರೆಯುವ ಕ್ಯಾಮು. ಕೆಳಗಿನದು ಎರಡು ಸುತ್ತು ಬಂದರೆ ಮೇಲಿನದು ಒಂದು ಸುತ್ತು. ಎರಡನ್ನೂ ಹಲ್ಲು ತಪ್ಪದ ಹಾಗೆ ಕಟ್ಟಿ ಹಿಡಿದಿರುವುದು ಈ ಪಟ್ಟಿ. ವಾಲ್ವು ಕೆಳಗಿಳಿಯುವ ಜಾಗಕ್ಕೇ ಪಿಸ್ಟನ್ನೂ ಮೇಲೇರಿ ಬರುತ್ತದೆ, ಆದರೆ ಒಂದೇ ಹೊತ್ತಿಗಲ್ಲ. ನನಗೆ ತಕ್ಷಣ ಹೊಳೆದದ್ದು ನಮ್ಮ ಹಳೇ ಕೂಡುಕುಟುಂಬದ ಬಚ್ಚಲುಮನೆ. ಹದಿನಾಲ್ಕು ಜನ, ಒಂದು ಹಂಡೆ. ಒಬ್ಬರು ಹೊರಬಂದ ಮೇಲೆ ಇನ್ನೊಬ್ಬರು. ಯಾರ ಸರದಿ ಯಾವಾಗ ಎಂದು ಹಜಾರದಲ್ಲಿ ಕೂತು ಕೂಗುತ್ತಿದ್ದವಳು ಅಜ್ಜಿ. ಅಜ್ಜಿಯೇ ಬೆಲ್ಟು. ಎಂಜಿನ್ ನಿಮಿಷಕ್ಕೆ 2,400 ಸುತ್ತು ಹಾಕುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 20 ಸಲ ಬಾಗಿಲು ತೆಗೆದು ಮುಚ್ಚುತ್ತದಂತೆ. ಅಜ್ಜಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಏನಾಗುತ್ತದೆ? ತೆರೆದುಕೊಂಡಿದ್ದ ವಾಲ್ವು ತೆರೆದೇ ನಿಲ್ಲುತ್ತದೆ, ಪಿಸ್ಟನ್ನು ಓಡಿಬಂದು ಅದರ ತಲೆಗೆ ಗುದ್ದುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹಿಂಡಿಯೇ ಕಾಯಿಸಬೇಕಾದ್ದರಿಂದ ಮೇಲುಗಡೆ ಜಾಗವೂ ಕಮ್ಮಿ, ತಪ್ಪಿಸಿಕೊಳ್ಳಲು ಸಂದಿಯಿಲ್ಲ.

ವಾಲ್ವುಗಳು ಕೂತಿರುವ ಎಂಜಿನ್ನಿನ ತಲೆ, ಅಂದರೆ ಸಿಲಿಂಡರ್ ಹೆಡ್ ಇಳಿಸಿದರು. ಪಿಸ್ಟನ್ನುಗಳ ನೆತ್ತಿಯ ಮೇಲೆ ಉಗುರಿನಿಂದ ಒತ್ತಿದಂತೆ ಅರ್ಧಚಂದ್ರದ ಗುರುತು. ಎಂಟು ವಾಲ್ವುಗಳಲ್ಲಿ ಆರು ಸೊಟ್ಟಗಾಗಿದ್ದವು. ನೋಡಲು ಉದ್ದ ಕಾಲಿನ ಉಕ್ಕಿನ ಅಣಬೆ. ಗಾಜಿನ ಹಲಗೆಯ ಮೇಲಿಟ್ಟು ಉರುಳಿಸಿದರೆ ಕುಡುಕನಂತೆ ತೂರಾಡುತ್ತಿತ್ತು.

"ಹೆಡ್ಡನ್ನ ಹಾಸನಕ್ಕೆ ಲೇತ್‌ಗೆ ತಗೊಂಡು ಹೋಗ್ಬೇಕು ಸಾರ್. ಗೈಡು, ಸೀಟು ನೋಡ್ಬೇಕು. ಫೇಸಿಂಗ್, ಅಂದ್ರೆ ತಳ ಸಮ ಮಾಡೋದು, ಬೇಕೋ ಬೇಡ್ವೋ ಅವ್ರೇ ಹೇಳ್ತಾರೆ."

ಆಗ ಹಾಸನಾಂಬೆಯ ಬಾಗಿಲು ತೆಗೆದಿತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆದರೆ ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತಾರೆ, ಮತ್ತೆ ಒಂದು ವರ್ಷ ದರ್ಶನವಿಲ್ಲ. ಸ್ವಾಮಿ ಕಾರ್ಯ ಸ್ವಕಾರ್ಯ ಎಂದು ಮನೆಯಾಕೆಯೂ ಹೊರಟಳು. ಹೆಡ್ಡನ್ನು ಗೋಣಿಚೀಲದಲ್ಲಿ ಕಟ್ಟಿ ಸರ್ಕಾರಿ ಬಸ್ಸು ಹತ್ತಿ, ಕಾಲ ಸಂದಿಯಲ್ಲಿಟ್ಟುಕೊಂಡೆ.

"ಚೀಲದಲ್ಲೇನ್ರೀ?" ಎಂದರು ಕಂಡಕ್ಟರು.

"ಹೆಡ್ಡು."

"ಯಾರ್ದು?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಾರಿಂದು ಎಂದು ಬಾಯಿ ಬಿಚ್ಚಿ ತೋರಿಸಬೇಕಾಯಿತು. ಬಾಯಿ ಎಂದರೆ ಚೀಲದ್ದು. ಕಂಡಕ್ಟರು ಬಗ್ಗಿ ಒಂದು ಕೈಯಲ್ಲಿ ಎತ್ತಲು ನೋಡಿ, ಎತ್ತಲಾರದೆ ಮೆಷಿನ್ನಿಗೆ ಕೈ ಹಾಕಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್ಟು. ಹೀಗಾಗಿ ಮನೆಯಾಕೆಗೆ ಸೊನ್ನೆ, ನನಗೆ ಪೂರ್ತಿ, ತಲೆಗೆ ಲಗೇಜು. "ಚೀಲ ನನ್ನದು ಅಂತ ಹೇಳಿದ್ರೆ?" ಎಂದು ಅವಳು ಪಿಸುಗುಟ್ಟಿದಳು. ಲಗೇಜಿನಲ್ಲಿ ಗಂಡು ಹೆಣ್ಣಿಲ್ಲ ಎಂದು ಕಂಡಕ್ಟರು ಕೇಳಿಸಿಕೊಂಡೇ ಉತ್ತರ ಕೊಟ್ಟರು.

ಲೇತಿನ ಯಜಮಾನರು ಹೆಡ್ಡನ್ನು ಮಗುಚಿ, ಉಕ್ಕಿನ ಪಟ್ಟಿಯೊಂದನ್ನು ಓರೆಯಾಗಿ ನಿಲ್ಲಿಸಿ, ಹಿಂದೆ ಬಲ್ಬು ಹಿಡಿದರು. ಪಟ್ಟಿಗೂ ಹೆಡ್ಡಿಗೂ ನಡುವೆ ಒಂದು ಕಡೆ ಕೂದಲೆಳೆಯಷ್ಟು ಬೆಳಕು ಕಂಡಿತು. ಅಲ್ಲಿಗೆ ಎಲೆಯಂಥ ಫೀಲರ್ ಗೇಜು ತೂರಿಸಿ ನೋಡಿ, "ಪರ್ವಾಗಿಲ್ಲ, ಲೈಟಾಗಿ ಒಂದು ಫೇಸಿಂಗ್ ಸಾಕು" ಎಂದರು. ನನಗೆ ಜೀವ ಬಂತು. ಬೆನ್ನಿಗೇ, "ಹುಡುಗ್ರೆಲ್ಲ ದೇವಸ್ಥಾನದ ಕಡೆ ಇದಾರೆ ಸಾರ್, ಅಮ್ಮನ ಬಾಗ್ಲು ಹಾಕ್ಲಿ, ಆಮೇಲೆ ಮಾಡ್ಕೊಡ್ತೀನಿ" ಎಂದರು. ಸೆಕೆಂಡಿಗೆ ಇಪ್ಪತ್ತು ಸಲ ತೆಗೆದು ಮುಚ್ಚುವ ಬಾಗಿಲು, ವರ್ಷಕ್ಕೊಮ್ಮೆ ತೆಗೆಯುವ ಬಾಗಿಲಿಗಾಗಿ ಒಂಬತ್ತು ದಿನ ಕಾಯಿತು. ನಾವು ಸರದಿಯಲ್ಲಿ ನಾಲ್ಕು ಗಂಟೆ ನಿಂತು ಬಂದೆವು.

ಹೆಡ್ಡು ಹೊಳೆನರಸೀಪುರಕ್ಕೆ ಮರಳಿದ ಮೇಲಿನ ಕೆಲಸ ನೋಡಲು ನಾನೂ ಸ್ಟೂಲು ಹಾಕಿಕೊಂಡು ಕೂತೆ. ಗ್ಯಾರೇಜಿನ ಹುಡುಗ ಹೊಸ ವಾಲ್ವಿನ ಅಂಚಿಗೆ ಬೂದು ಪೇಸ್ಟು ಸವರಿ, ತುದಿಗೆ ರಬ್ಬರ್ ಬಟ್ಟಲಿರುವ ಕೋಲನ್ನು ಅಂಟಿಸಿ, ಎರಡು ಅಂಗೈ ನಡುವೆ ಹೊಸೆಯತೊಡಗಿದ. ಯಜ್ಞಕ್ಕೆ ಅರಣಿ ಕಡೆದ ಹಾಗೆ. ಮೊದಲು ಮರಳು ತಿಕ್ಕಿದಂತೆ ಕರಕರ. ಆಗಾಗ ಎತ್ತಿ, ಕಾಲು ಸುತ್ತು ಸರಿಸಿ, ಮತ್ತೆ ಕೂರಿಸಿ ಹೊಸೆಯುತ್ತಿದ್ದ. ಬರಬರುತ್ತ ಸದ್ದು ನುಣ್ಣಗಾಯಿತು, ರೇಷ್ಮೆ ಸೀರೆ ಮಡಿಸಿದಷ್ಟು. ಒರೆಸಿ ತೋರಿಸಿದಾಗ ಸೀಟಿನ ಸುತ್ತ ಎಲ್ಲೂ ಕಡಿಯದ ಬೂದುಬಣ್ಣದ ಉಂಗುರ. ನಾನೊಂದು ವಾಲ್ವು ಹೊಸೆದೆ. ಅಂಗೈ ಉರಿಯಿತೇ ಹೊರತು ಉಂಗುರ ಮೂಡಲಿಲ್ಲ. ಹುಡುಗ ಏನೂ ಹೇಳದೆ ಅದನ್ನು ಮತ್ತೆ ಮೊದಲಿಂದ ಮಾಡಿದ.

ಆಮೇಲೆ ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ತೊಳೆದು, ಸೀಲು, ಸ್ಪ್ರಿಂಗು, ಲಾಕು ಕೂರಿಸಿ, ಪೋರ್ಟುಗಳಿಗೆ ಡೀಸೆಲ್ ಸುರಿದು ಊಟಕ್ಕೆ ಎದ್ದರು. ಬಂದು ನೋಡಿದರೆ ಒಂದು ಹನಿ ಇಳಿದಿರಲಿಲ್ಲ. ಹೊಸ ಗ್ಯಾಸ್ಕೆಟ್ ಹಾಸಿ ಹೆಡ್ ಕೂರಿಸಿದರು. ಬೋಲ್ಟುಗಳನ್ನು ಮನಸ್ಸಿಗೆ ಬಂದ ಕಡೆಯಿಂದ ಬಿಗಿಯುವಂತಿಲ್ಲ. ದೋಸೆ ಹಿಟ್ಟು ಹರಡುವ ಹಾಗೆ ನಡುವಿನಿಂದ ಅಂಚಿಗೆ, ಅದೂ ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ. ಹೊಸ ಬೆಲ್ಟಿನ ಜೊತೆಗೆ ಟೆನ್ಷನರ್ ಬೇರಿಂಗೂ ವಾಟರ್ ಪಂಪೂ ಹೊಸತೇ. ಬಿಚ್ಚಿರುವಾಗಲೇ ಹಾಕಿಬಿಡಿ ಎನ್ನುವ ಮಾತಿಗೆ ಜೇಬಿನ ಬಳಿ ಉತ್ತರವಿರುವುದಿಲ್ಲ. ಗುರುತಿಗೆ ಗುರುತು ಕೂಡಿಸಿದ ಮೇಲೆ ನಾನು ಕೀ ಹಿಡಿದು ಎದ್ದೆ. ಭಾಯ್ ಕೈ ಅಡ್ಡ ಹಿಡಿದರು. ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿದರು, ಕಿವಿ ಹತ್ತಿರ ಇಟ್ಟುಕೊಂಡು. ಎಲ್ಲೂ ತಾಗಲಿಲ್ಲ. "ಈಗ ಹೊಡೀರಿ ಸಾರ್."

ಅರಕಲಗೂಡು ಮುಟ್ಟಿದಾಗ ಮಗುವಿಗೆ ಹೆಸರಿಟ್ಟು ಹದಿನೇಳು ದಿನವಾಗಿತ್ತು. ಕರೆದರೆ ತಿರುಗುವಷ್ಟು ದೊಡ್ಡದಾಗಲಿ ಅಂತ ಕಾದ್ರಾ ಅಣ್ಣ ಎಂದಳು ತಂಗಿ.

ಬೆಲ್ಟಿನ ಕವರಿನ ಮೇಲೆ ಭಾಯ್ ಬಿಳಿ ಪೇಂಟಿನಲ್ಲಿ ಕಿಲೋಮೀಟರ್ ಬರೆದುಕೊಟ್ಟಿದ್ದಾರೆ. ಬಾನೆಟ್ ಎತ್ತಿ ಅದನ್ನು ನೋಡುವವನು ನಾನಲ್ಲ ಎಂದು ಮನೆಯಾಕೆಗೆ ಗೊತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ 'ಸಿಲಿಂಡರ್ ಬಂತು' ಎಂದು ಬರೆಯುವುದು ಅವಳ ರೂಢಿ. ಅದರ ಕೆಳಗೇ ಆ ದಿನ 'ಸಿಲಿಂಡರ್ ಹೆಡ್ ಬಂತು' ಎಂದು ಬರೆದಿದ್ದಾಳೆ.