ಕೋಳಿಗೆ ಮರಣದಂಡನೆ ಕೊಟ್ಟ ಊರಲ್ಲಿ

ಬೇರೆ ಪ್ರವಾಸಿಗರು ಹೊರಡುವ ಮೊದಲು ಬಾತ್‌ರೂಮಿಗೆ ಹೋಗುತ್ತಾರೆ. ಮಿಶನ್ ತಂಡದವರು ಪ್ರಾರ್ಥನೆಗೆ ನಿಲ್ಲುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಬಾತ್‌ರೂಮಿಗೆ ಹೋಗುತ್ತಾರೆ. ಹಾಗಾಗಿ ಎಂಟೂವರೆಗೆ ಹೊರಡಬೇಕಿದ್ದ ನಾವು ಬಾಸೆಲ್‌ನ ಬೀದಿಗೆ ಇಳಿಯುವಾಗ ಒಂಬತ್ತೂಕಾಲು. ವಾರವಿಡೀ ಅಲ್ಲಿನ ಸಭೆಗಳಲ್ಲಿ ಗೀತೆ ಹಾಡಿ, ಸಾಕ್ಷಿ ಹೇಳಿ, ಕೈ ಕುಲುಕಿ ದಣಿದಿದ್ದ ನಮ್ಮ ಮಂಗಳೂರಿನ ತಂಡಕ್ಕೆ ಆತಿಥೇಯರು ಊರು ನೋಡಲೆಂದು ಒಂದು ದಿನ ಬಿಟ್ಟುಕೊಟ್ಟಿದ್ದರು. ಕಾರ್ಯಕ್ರಮದ ಹಾಳೆಯಲ್ಲಿ ಆ ದಿನದ ಎದುರು ಬರೀ ‘ಬಿಡುವು’ ಎಂದಿತ್ತು. ಖಾಲಿ ಜಾಗ ಕಂಡರೆ ನಮ್ಮ ಸಭಾಪಾಲಕರಿಗೆ ನಿದ್ದೆ ಬರುವುದಿಲ್ಲ. ಅದಕ್ಕೂ ಆರಂಭದ ಪ್ರಾರ್ಥನೆ, ನಡುವೆ ಒಂದು ಗೀತೆ, ಕೊನೆಗೆ ವಂದನಾರ್ಪಣೆ ಸೇರಿಸಿದ್ದರು. ಯಾರಿಗೆ ವಂದನೆ ಎಂದು ಕೇಳಿದ್ದಕ್ಕೆ, “ನೋಡುವ, ಯಾರಾದರೂ ಸಿಗ್ತಾರೆ” ಎಂದರು.

ಮಂಗಳೂರಿನ ಪ್ರೊಟೆಸ್ಟೆಂಟರಿಗೆ ಬಾಸೆಲ್ ಎಂದರೆ ಮೊದಲು ನೆನಪಾಗುವುದು ಹೆಂಚು, ಆಮೇಲೆ ಬಲ್ಮಠದ ಪ್ರೆಸ್ಸು, ಆಮೇಲೆ ಶಾಲೆ. ಸ್ವಿಟ್ಜರ್‌ಲ್ಯಾಂಡ್ ನೆನಪಾಗುವುದೇ ಇಲ್ಲ. 1815ರಲ್ಲಿ ಇಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ನಮ್ಮೂರಿಗೆ ಮೂವರನ್ನು ಕಳಿಸಿತು. ಆಮೇಲೆ ಬಂದವರಲ್ಲಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಸುಡಿಸಿದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಇಷ್ಟನ್ನು ಸಂಡೇ ಸ್ಕೂಲಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದವರಿಗೆ ಈ ಊರಲ್ಲಿ ತಮ್ಮ ಊರಿನ ಗುರುತು ಮೂಲೆಮೂಲೆಗೂ ಸಿಗಬೇಕು ಎಂಬ ಹಕ್ಕಿನ ಭಾವನೆ.

ಹಕ್ಕನ್ನು ಹೆಚ್ಚು ಜೋರಾಗಿ ಚಲಾಯಿಸಿದವರು ನಮ್ಮ ಖಜಾಂಚಿ ಅಂಕಲ್. ಅವರ ತಂದೆ ಹೆಂಚಿನ ಕಾರ್ಖಾನೆಯಲ್ಲಿದ್ದವರು. ಎಲ್ಲರೂ ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆಬಾಗಿಲಿನ ಶಿಲ್ಪ ನೋಡುತ್ತಿದ್ದರೆ ಅಂಕಲ್ ಅದರ ಮಾಡು ನೋಡುತ್ತಿದ್ದರು. ದಾರಿ ತೋರಿಸಲು ಬಂದಿದ್ದ ಕಾಲೇಜು ಹುಡುಗಿಯನ್ನು, “ಬಾಸೆಲ್ ಹೆಂಚು ಎಲ್ಲಿ ನೋಡ್ಲಿಕ್ಕೆ ಸಿಗ್ತದೆ?” ಎಂದು ಕೇಳಿದರು. ಪಾಪ, ಆಕೆ ಅಂಥದ್ದೊಂದು ಉಂಟೆಂದು ಕೇಳಿದವಳೇ ಅಲ್ಲ. ಮ್ಯೂನ್‌ಸ್ಟರ್ ಎಂಬ ದೊಡ್ಡ ಚರ್ಚಿನ ಮಾಡಿನಲ್ಲಿ ಹಸಿರು, ಹಳದಿ ಹೆಂಚುಗಳ ಚಿತ್ತಾರ ತೋರಿಸಿದಳು. ಅಂಕಲ್ ಬಹಳ ಹೊತ್ತು ಕತ್ತೆತ್ತಿ ನೋಡಿ ತೀರ್ಪು ಕೊಟ್ಟರು: “ಬಣ್ಣ ಎಷ್ಟು ಬೇಕಾದ್ರೂ ಹಚ್ಚಬಹುದು. ಒಂದು ಆಟಿ ತಿಂಗಳ ಮಳೆ ಬರಲಿ, ಆಗ ನೋಡುವ.”

ಒಳಗೆ ಎರಾಸ್ಮಸ್‌ನ ಸಮಾಧಿ. 1536ರಲ್ಲಿ ತೀರಿಕೊಂಡ ಈ ಪಂಡಿತ ಕೊನೆಯವರೆಗೂ ಕ್ಯಾಥೊಲಿಕ್. ಆದರೂ ಪ್ರೊಟೆಸ್ಟೆಂಟರ ಚರ್ಚಿನೊಳಗೆ ಜಾಗ ಕೊಟ್ಟಿದ್ದಾರೆ. ಸ್ಮಶಾನದ ಒಂದು ಗುಂಡಿಗೂ ಕಮಿಟಿ ಕರೆಯುವ ನಮಗೆ ಇದು ಅರಗುವ ಸಂಗತಿಯಲ್ಲ. ಸಭಾಪಾಲಕರು ಗಂಟಲು ಸರಿಪಡಿಸಿಕೊಂಡು ನಮ್ಮನ್ನು ಗೋಪುರದ ಕಡೆ ನಡೆಸಿದರು. ಅಲ್ಲಿ ಇನ್ನೊಂದು ನಿಯಮ: ಸುರಕ್ಷತೆಗಾಗಿ ಒಬ್ಬೊಬ್ಬರನ್ನೇ ಬಿಡುವುದಿಲ್ಲ, ಜೊತೆ ಬೇಕು. ಜೋಡಿ ಮಾಡಲು ಹೊರಟಾಗ ಕಳೆದ ಚರ್ಚ್ ಚುನಾವಣೆಯ ಬಣಗಳೆಲ್ಲ ಒಮ್ಮೆಲೇ ಹೊರಬಂದವು. ಗೋಪುರ ಹತ್ತಿದವರು ಯುವಜನ ಸಂಘದ ಹುಡುಗರು ಮಾತ್ರ.

ಆ ದಿನವನ್ನು ನಿಜವಾಗಿ ಗೆದ್ದದ್ದು ಒಂದು ಕೋಳಿ. 1474ರಲ್ಲಿ ಈ ಊರಿನವರು ಒಂದು ಹುಂಜವನ್ನು ಕಟಕಟೆಗೆ ತಂದು, ವಿಚಾರಣೆ ನಡೆಸಿ, ಜನರ ಎದುರೇ ಸುಟ್ಟರು. ಅದರ ಅಪರಾಧ ಮೊಟ್ಟೆ ಇಟ್ಟದ್ದು. ಹುಂಜದ ಮೊಟ್ಟೆಯಿಂದ ಬಾಸಿಲಿಸ್ಕ್ ಎಂಬ, ಕಣ್ಣೋಟದಲ್ಲೇ ಕೊಲ್ಲುವ, ಕೋಳಿತಲೆ ಹಾವುಬಾಲದ ಪ್ರಾಣಿ ಹುಟ್ಟುತ್ತದೆ ಎಂದು ಆಗಿನವರ ನಂಬಿಕೆ. ತಮಾಷೆ ಎಂದರೆ ಊರಿನ ಲಾಂಛನ ಹಿಡಿದು ನಿಂತದ್ದೂ ಅದೇ ಪ್ರಾಣಿ. ಬೀದಿಬದಿಯ ಹಸಿರು ಬಣ್ಣದ ಕಾರಂಜಿಗಳ ಮೇಲೆ ಕೂತು, ಬಾಯಿಂದ ಕುಡಿಯುವ ನೀರು ಬಿಡುವುದೂ ಅದೇ.

ತುಳುನಾಡಿನವರ ಎದುರು ಹುಂಜದ ಕಥೆ ಹೇಳಿ ಸುಮ್ಮನೆ ಮುಂದೆ ಹೋಗಲಾಗುತ್ತದೆಯೇ? ಅದಕ್ಕೆ ವಕೀಲ ಇದ್ದನೇ, ಜಾಮೀನು ಸಿಗಲಿಲ್ಲವೇ ಎಂಬ ಪ್ರಶ್ನೆಗಳು ಬಂದವು. ನಮ್ಮಲ್ಲಿ ಕೋಳಿ ಅಂಕಕ್ಕೆ ಪೊಲೀಸರು ದಾಳಿ ಮಾಡಿದರೆ ಹುಂಜಗಳನ್ನು ವಶಕ್ಕೆ ತಗೊಂಡು ಏಲಂ ಹಾಕುತ್ತಾರೆ, ಸುಟ್ಟು ಹಾಳು ಮಾಡುವುದಿಲ್ಲ ಎಂದು ಅಂಕಲ್ ಆ ಹುಡುಗಿಗೆ ಹೆಮ್ಮೆಯಿಂದ ವಿವರಿಸಿದರು. ಸ್ತ್ರೀಯರ ಕೂಟದ ಕಾರ್ಯದರ್ಶಿ ಆಂಟಿಯದು ಒಂದೇ ಪ್ರಶ್ನೆ: “ಸುಟ್ಟದ್ದು ಆಯ್ತು. ತಿಂದ್ರಾ ಇಲ್ವಾ?” ಉತ್ತರ ಬರಲಿಲ್ಲ. ಆಂಟಿ ಮ್ಯೂನ್‌ಸ್ಟರ್ ಹಿಂದಿನ ಕಟ್ಟೆಯ ಮೇಲೆ, ಕೆಳಗೆ ರೈನ್ ನದಿ ಹರಿಯುತ್ತಿರುವಾಗ, ಚೀಲ ಬಿಚ್ಚಿದರು. ಊರಿಂದ ತಂದ ಒಣ ರೊಟ್ಟಿಯ ಪ್ಯಾಕೆಟ್ಟುಗಳು, ಬೆಳಿಗ್ಗೆ ಐದಕ್ಕೇ ಎದ್ದು ಆತಿಥೇಯರ ಅಡುಗೆಮನೆಯಲ್ಲಿ ಮಾಡಿದ ಕೋಳಿ ಗಸಿ. ಆ ಹುಡುಗಿ ಮೂರು ಸಲ ಬಡಿಸಿಕೊಂಡಳು. ಸಭಾಪಾಲಕರ ವಂದನಾರ್ಪಣೆಗೆ ಅಂತೂ ಒಬ್ಬರು ಸಿಕ್ಕಿದರು.

ಆಮೇಲೆ ದೋಣಿ. ರೈನ್ ದಾಟಿಸುವ ಈ ಮರದ ದೋಣಿಗಳಿಗೆ ಇಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ, ನಾವಿಕ ಅದನ್ನು ಒಂದಿಷ್ಟು ಓರೆ ಮಾಡುತ್ತಾನೆ, ಹರಿವ ನೀರೇ ಆಚೆ ದಡಕ್ಕೆ ತಳ್ಳುತ್ತದೆ. ಗುರುಪುರ ಹೊಳೆಯಲ್ಲಿ ತಣ್ಣೀರುಬಾವಿಗೆ ದಾಟುವಾಗ ಮೋಟಾರಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ನಾವೆಲ್ಲ ಇಲ್ಲಿ ಮಾತು ನಿಲ್ಲಿಸಿದೆವು. ಇಡೀ ಪ್ರವಾಸದಲ್ಲಿ ಯಾರೂ ಹೇಳಿಸದೆ ನಡೆದ ಮೌನಪ್ರಾರ್ಥನೆ ಅದೊಂದೇ.

ದಡ ಸೇರಿದ ಕೂಡಲೇ ಅಂಕಲ್ ತಲೆ ಎಣಿಸಿದರು. ಒಬ್ಬರು ಕಡಿಮೆ. ಮತ್ತೆ ಎಣಿಸಿದರು, ಮತ್ತೆ ಕಡಿಮೆ. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಸಾಮ್ಯ ಎಲ್ಲರಿಗೂ ನೆನಪಾಯಿತು. ಆದರೆ ಇಲ್ಲಿ ಬೇಕಾಗಿದ್ದದ್ದು ಪರಮಾರ್ಥ ಗುರುವಿನ ಶಿಷ್ಯರ ಕಥೆ: ಅವರೂ ಹೊಳೆ ದಾಟಿ, ತಮ್ಮನ್ನು ಬಿಟ್ಟೇ ಎಣಿಸಿ ಅತ್ತವರು. ಆ ಕಥೆಯನ್ನು ತಮಿಳಿನಲ್ಲಿ ಬರೆದ ಬೆಸ್ಕಿಯೂ ಇಟಲಿಯಿಂದ ಬಂದ ಮಿಶನರಿಯೇ. ಯಾವ ತಂಡವನ್ನು ನೋಡಿ ಬರೆದನೋ!

ಅಷ್ಟರಲ್ಲಿ ನದಿಯಲ್ಲಿ ತಲೆಗಳು ತೇಲಿ ಬಂದವು. ಬೇಸಿಗೆಯಲ್ಲಿ ಬಾಸೆಲ್‌ನವರು ಬಟ್ಟೆಯನ್ನು ಮೀನಿನಾಕಾರದ ನೀರಿಳಿಯದ ಚೀಲಕ್ಕೆ ತುಂಬಿ, ಅದನ್ನು ಹಿಡಿದುಕೊಂಡು ನದಿಗೆ ಇಳಿಯುತ್ತಾರೆ, ಬೇಕಾದಲ್ಲಿ ಹತ್ತುತ್ತಾರೆ. ಆಂಟಿ ಬಗ್ಗಿ ನೋಡಿ ಪಿಸುಗುಟ್ಟಿದರು: “ಇಷ್ಟು ಜನ ಪೂರ್ತಿ ಮುಳುಗ್ತಾರಲ್ಲ, ಎಲ್ಲ ಪೆಂತೆಕೋಸ್ತಿನವರಾ?” ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವ ನಮ್ಮ ಸಭಾಪಾಲಕರು ನಡುವಿನ ಗೀತೆಯನ್ನು ತಕ್ಷಣ ಶುರು ಮಾಡಿದರು.

ಬಾಸೆಲ್‌ಗೆ ತಂಡ ಕಟ್ಟಿಕೊಂಡು ಹೋಗುವವರಿಗೆ ನನ್ನದೊಂದು ವಿನಂತಿ. ದೋಣಿ ತಪ್ಪಿಸಬೇಡಿ, ಕೋಳಿಯ ಕಥೆ ಕೇಳದೆ ಬರಬೇಡಿ. ಮಿಶನ್‌ನ ದಾಖಲೆ ಸಂಗ್ರಹದಲ್ಲಿ ನಮ್ಮ ಕಡೆಯ ಹಳೆಯ ಫೋಟೋಗಳು ರಾಶಿರಾಶಿ ಇವೆ. ಊರು ನೋಡುವ ದಿನ ಮಾತ್ರ ತಂಡವನ್ನು ಅದರೊಳಗೆ ಬಿಡಬೇಡಿ. ಪ್ರತಿ ಫೋಟೋದಲ್ಲೂ ಒಬ್ಬೊಬ್ಬರ ಅಜ್ಜ ಸಿಗುತ್ತಾರೆ, ಯಾರೂ ಹೊರಗೆ ಬರುವುದಿಲ್ಲ.